ಎರಡು ಪೈಪ್ ಹಾಕಿದರೂ ಚೈಲ್ಡ್‌ನಿಂದ ಉತ್ತರ ಯಾಕೆ ಬರುತ್ತಿಲ್ಲ?

ಎರಡು ಪೈಪ್ (ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವ ದಾರಿ) ತೆರೆದು, ಫೋರ್ಕ್ ಮಾಡಿ ಓಡುತ್ತಿರುವ ಪ್ರೋಗ್ರಾಂಗೆ (ಪೇರೆಂಟ್) ಇನ್ನೊಂದು ಪ್ರತಿ (ಚೈಲ್ಡ್) ಹುಟ್ಟಿಸಿ, ಚೈಲ್ಡ್‌ನಲ್ಲಿ ಸಾಲುಗಳನ್ನು ಕ್ರಮಕ್ಕೆ ಜೋಡಿಸುವ ಸಾರ್ಟ್ ಓಡಿಸಿದ್ದೀರಿ. ಪೇರೆಂಟ್ ಸಾಲುಗಳನ್ನು ಕಳಿಸುತ್ತದೆ, ವಾಪಸ್ ಏನೂ ಬರಲ್ಲ ಅಂತೀರಿ. ನನಗೂ ಹೀಗೇ ಆಗಿತ್ತು.

ಮಡಿಕೇರಿ ಹತ್ತಿರ ನಮ್ಮ ಕಾಫಿ ತೋಟ. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರೆ. ಜಾಸ್ತಿ ಮಳೆ ಬಿದ್ದ ದಿನಗಳು ಮೇಲೆ ಬರಲಿ ಅಂತ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆ. ಓಡಿಸಿದರೆ ಸುಮ್ನೆ ಕೂತುಬಿಟ್ಟಿತು. ಎರಡು ರಾತ್ರಿ ಅದರಲ್ಲೇ ಕಳೆಯಿತು. ಕೊನೆಗೆ ಲಿನಕ್ಸ್‌ನ ಪ್ರಾಕ್ ಒಳಗೆ ಚೈಲ್ಡ್‌ನ ಎಫ್‌ಡಿ ಫೋಲ್ಡರ್ ನೋಡಿದೆ, ಪ್ರೋಗ್ರಾಂ ತೆರೆದಿಟ್ಟ ಫೈಲ್, ಪೈಪ್ ತುದಿಗಳ ನಂಬರ್ ಅಲ್ಲಿರುತ್ತವೆ. 0 (ಇನ್‌ಪುಟ್), 1 (ಔಟ್‌ಪುಟ್), 2 (ತಪ್ಪಿನ ಸಂದೇಶ) ಮಾತ್ರ ಇರಬೇಕಾದ ಕಡೆ ಇನ್ನೂ ನಾಲ್ಕು ಇದ್ದವು!

ಸಾರ್ಟ್ ಎಲ್ಲ ಸಾಲು ಬಂದು ಮುಗಿಯುವ ತನಕ ಏನನ್ನೂ ಹೊರಗೆ ಹಾಕಲ್ಲ, ಕೊನೆಗೆ ಬಂದ ಸಾಲೇ ಮೊದಲನೆಯದಾಗಬಹುದು ಅಲ್ವಾ? ಮುಗಿಯಿತು ಅಂತ ಅದಕ್ಕೆ ಗೊತ್ತಾಗುವುದು ಅದು ಓದುವ ಪೈಪಿನ ಬರೆಯುವ ತುದಿಯ ಎಲ್ಲ ಪ್ರತಿಗಳೂ ಮುಚ್ಚಿದಾಗ. ಫೋರ್ಕ್ ಆದಾಗ ನಾಲ್ಕೂ ತುದಿಗಳ ಪ್ರತಿ ಚೈಲ್ಡ್‌ಗೂ ಹೋಗುತ್ತದೆ. ಹಾಗಾಗಿ ಪೇರೆಂಟ್ ತನ್ನದನ್ನು ಮುಚ್ಚಿದರೂ ಚೈಲ್ಡ್ ಕೈಯಲ್ಲಿ ಇನ್ನೊಂದು ತೆರೆದೇ ಇರುತ್ತದೆ, ಪಾಪ, ತಾನೇ ಮುಚ್ಚಬೇಕಾದ ಬಾಗಿಲಿನಿಂದ ಯಾರೋ ಬರುತ್ತಾರೆ ಅಂತ ಅದು ಕಾಯುತ್ತಲೇ ಇರುತ್ತದೆ.

ಚೈಲ್ಡ್‌ನಲ್ಲಿ ಡಪ್2 ಬಳಸಿ ಒಂದು ಪೈಪಿನ ಓದುವ ತುದಿಯನ್ನು 0ಕ್ಕೆ, ಇನ್ನೊಂದರ ಬರೆಯುವ ತುದಿಯನ್ನು 1ಕ್ಕೆ ತಗುಲಿಸಿ. ಆಮೇಲೆ ಮೂಲ ನಾಲ್ಕನ್ನೂ ಕ್ಲೋಸ್ ಮಾಡಿ, ನಂತರವೇ ಎಕ್ಸೆಕ್ (ಚೈಲ್ಡ್ ಜಾಗದಲ್ಲಿ ಸಾರ್ಟ್ ಓಡಿಸುವ ಕರೆ). ಪೇರೆಂಟ್ ತನಗೆ ಬೇಡದ ಎರಡನ್ನು ಫೋರ್ಕ್ ಆದ ಕೂಡಲೇ ಮುಚ್ಚಬೇಕು, ಕಳಿಸಿ ಮುಗಿದ ಮೇಲೆ ಬರೆಯುವ ತುದಿಯನ್ನೂ ಮುಚ್ಚಿ ಓದಲು ಶುರು ಮಾಡಬೇಕು. ಕೊನೆಗೆ ಚೈಲ್ಡ್ ಮುಗಿಯುವ ತನಕ ಕಾಯುವ ವೇಟ್‌ಪಿಡ್ ಮರೀಬೇಡಿ.

ಚೈಲ್ಡ್ ನೀವೇ ಬರೆದ ಪ್ರೋಗ್ರಾಂ ಆಗಿದ್ದು, ಸಾಲಿಗೊಂದು ಉತ್ತರ ಕೊಡಬೇಕಿದ್ದರೆ ಪ್ರತಿ ಪ್ರಿಂಟ್‌ಎಫ್ ಆದ ಮೇಲೆ, ಬಫರ್‌ನಲ್ಲಿ (ಕಳಿಸುವ ಮುಂಚೆ ಕೂಡಿಡುವ ಜಾಗ) ಉಳಿದದ್ದನ್ನು ತಕ್ಷಣ ಹೊರಗೆ ಕಳಿಸುವ ಎಫ್‌ಫ್ಲಶ್ ಹಾಕಿ. ಟರ್ಮಿನಲ್‌ಗಾದರೆ ಸಾಲು ಮುಗಿದ ತಕ್ಷಣ ಹೋಗುತ್ತದೆ, ಪೈಪ್‌ಗೆ ಬಫರ್ ತುಂಬಿದ ಮೇಲೇ ಹೋಗೋದು.

ಬೇಕಾದ ಪದವಿರುವ ಸಾಲುಗಳನ್ನು ಹುಡುಕುವ ಗ್ರೆಪ್ ಥರ ಓದುತ್ತಾ ಓದುತ್ತಾ ಬರೆಯುವ ಪ್ರೋಗ್ರಾಂಗೆ ತುಂಬಾ ಡೇಟಾ ಕಳಿಸಿದರೆ ಬೇರೆ ತೊಂದರೆ ಇದೆ. ಲಿನಕ್ಸ್‌ನಲ್ಲಿ ಒಂದು ಪೈಪ್ ಸಾಮಾನ್ಯವಾಗಿ 65,536 ಬೈಟ್ ಹಿಡಿಯುತ್ತದೆ. ಎರಡೂ ಪೈಪ್ ತುಂಬಿದರೆ ಎರಡೂ ಕಡೆಯವರು ಬರೆಯಲು ಕಾಯುತ್ತಾ ನಿಲ್ಲುತ್ತಾರೆ. ಆಗ ತುದಿಗಳನ್ನು ನಾನ್‌ಬ್ಲಾಕಿಂಗ್ (ಕಾಯದೆ ವಾಪಸ್ ಬರುವ ಹಾಗೆ) ಮಾಡಿ, ಯಾವ ತುದಿ ತಯಾರಿದೆ ಅಂತ ಹೇಳುವ ಪೋಲ್ ಇಟ್ಟು, ಬರೆಯುವಾಗಲೇ ಓದುತ್ತಲೂ ಇರಬೇಕು.