ಎರಡನೇ ಮಹಾಯುದ್ಧ ಗೆದ್ದ ಬ್ರಿಟನ್ ಪ್ರಧಾನಿ ಚರ್ಚಿಲ್ 1945ರ ಚುನಾವಣೆಯಲ್ಲಿ ಸೋತಿದ್ದೇಕೆ?

ಜನ ಚರ್ಚಿಲ್‌ರನ್ನು ದ್ವೇಷಿಸಿ ಸೋಲಿಸಲಿಲ್ಲ. ಪ್ರಚಾರಕ್ಕೆ ಹೋದಲ್ಲೆಲ್ಲ ಜೈಕಾರ ಹಾಕಿದರು, ಓಟು ಮಾತ್ರ ಲೇಬರ್ ಪಕ್ಷಕ್ಕೆ ಒತ್ತಿದರು.

ಅವರ ತಲೆಯಲ್ಲಿ ಇದ್ದದ್ದು ಮನೆ, ಕೆಲಸ, ಆಸ್ಪತ್ರೆ ಖರ್ಚು. ಬಾಂಬಿಗೆ ಲಕ್ಷಾಂತರ ಮನೆ ಹಾಳಾಗಿತ್ತು. 1930ರ ದಶಕದ ನಿರುದ್ಯೋಗ ಯಾರೂ ಮರೆತಿರಲಿಲ್ಲ, ಆಗ ಆಳಿದ್ದು ಹೆಚ್ಚಾಗಿ ಚರ್ಚಿಲ್ ಪಕ್ಷದವರಾದ ಕನ್ಸರ್ವೇಟಿವ್‌ಗಳೇ ಅಲ್ವಾ? 1942ರ ಬೆವರಿಜ್ ವರದಿ ಎಲ್ಲರಿಗೂ ಸಾಮಾಜಿಕ ವಿಮೆ ಬೇಕು ಎಂದಿತ್ತು. ಅದನ್ನು ಮಾಡಿಯೇ ತೀರುತ್ತೇವೆ ಎಂದು ಲೇಬರ್ ಹೇಳಿದಾಗ ಜನ ನಂಬಿದರು.

ಚರ್ಚಿಲ್ ಬಾಯಿಯೂ ಸ್ವಲ್ಪ ಕೆಡಿಸಿತು. ಸಮಾಜವಾದ ತರಲು ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋದಂಥ ಪೊಲೀಸ್ ಬೇಕಾಗುತ್ತದೆ ಎಂದು ಜೂನ್ 4ರಂದು ರೇಡಿಯೋದಲ್ಲಿ ಹೇಳಿಬಿಟ್ಟರು. ಯುದ್ಧದುದ್ದಕ್ಕೂ ತಮ್ಮ ಸಂಪುಟದಲ್ಲೇ ಇದ್ದ ಲೇಬರ್ ನಾಯಕ ಆಟ್ಲಿಯ ಪಕ್ಷದ ಬಗ್ಗೆ!

ಮತದಾನ ಜುಲೈ 5ಕ್ಕೆ ನಡೆದರೂ ಫಲಿತಾಂಶ ಬಂದದ್ದು 26ಕ್ಕೆ. ದೂರದೇಶಗಳಲ್ಲಿದ್ದ ಸೈನಿಕರ ಓಟು ಬರಬೇಕಿತ್ತು. ಲೇಬರ್ 393 ಸ್ಥಾನ ಗೆದ್ದಿತು. ಅಂದೇ ಸಂಜೆ ಆಟ್ಲಿ, ಹೆಂಡತಿ ಓಡಿಸುತ್ತಿದ್ದ ಪುಟ್ಟ ಕಾರಿನಲ್ಲಿ ಅರಮನೆಗೆ ಹೋಗಿ ಪ್ರಧಾನಿಯಾದರು. ಪಾಟ್ಸ್‌ಡ್ಯಾಮ್ ಮಾತುಕತೆಯಲ್ಲಿ (ಯುದ್ಧ ಗೆದ್ದ ದೇಶಗಳ ನಾಯಕರು ಜರ್ಮನಿಯಲ್ಲಿ ನಡೆಸುತ್ತಿದ್ದ ಸಭೆ) ಚರ್ಚಿಲ್ ಕುರ್ಚಿಯಲ್ಲಿ ಈಗ ಅವರೇ.

ಉಚಿತ ಆರೋಗ್ಯ ಸೇವೆ 1948ರ ಜುಲೈ 5ರಂದು ಶುರುವಾಯಿತು. ನಮಗೆ 1947ರಲ್ಲಿ ಅಧಿಕಾರ ಬಿಟ್ಟುಕೊಟ್ಟದ್ದೂ ಇದೇ ಸರ್ಕಾರ. ಅಂದ ಹಾಗೆ, 1951ರಲ್ಲಿ ಲೇಬರ್‌ಗೇ ಓಟು ಜಾಸ್ತಿ ಬಿತ್ತು. ಸ್ಥಾನ ಜಾಸ್ತಿ ಬಂದದ್ದು ಚರ್ಚಿಲ್‌ಗೆ, ಹಾಗಾಗಿ ಮತ್ತೆ ಪ್ರಧಾನಿಯಾದರು.