ರಾತ್ರಿ ಸ್ನ್ಯಾಪ್‌ಶಾಟ್ ಫೇಲ್, ಬೆಳಿಗ್ಗೆ ನಾವೇ ತೆಗೆದರೆ ಪಾಸ್. ಸ್ಟೋರೇಜ್ ಕೆಟ್ಟಿದೆಯಾ?

ರಾತ್ರಿ ಸ್ಟೋರೇಜ್‌ನಿಂದ ಶೆಡ್ಯೂಲ್ ಆದ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಸ್ಥಿತಿಯ ನಕಲು) ಮೂರು ವಿಎಂಗಳಿಗೆ, ಅಂದರೆ ವರ್ಚುವಲ್ ಮಷೀನ್‌ಗಳಿಗೆ, ಮಾತ್ರ ಫೇಲ್ ಆಗುತ್ತಿದೆ, ಬೆಳಿಗ್ಗೆ ವಿಸೆಂಟರ್‌ನಲ್ಲಿ (ವಿಎಂಗಳನ್ನು ನಿರ್ವಹಿಸುವ ವಿಎಂವೇರ್ ಸಾಫ್ಟ್‌ವೇರ್) ನೀವೇ ತೆಗೆದರೆ ಏನೂ ತೊಂದರೆ ಇಲ್ಲ ಅಂತ ಬರೆದಿದ್ದೀರಿ. ಒಂದು ಕೇಳುತ್ತೇನೆ: ಬೆಳಿಗ್ಗೆ ತೆಗೆಯುವಾಗ ಕ್ವೈಸ್ (ಡಿಸ್ಕ್‌ಗೆ ಬರೆಯುವುದನ್ನು ಕ್ಷಣ ತಡೆದು ಡೇಟಾವನ್ನು ಸರಿಯಾದ ಸ್ಥಿತಿಗೆ ತರುವುದು) ಬಾಕ್ಸ್‌ಗೆ ಟಿಕ್ ಹಾಕಿದ್ದಿರಾ? ಹಾಕಿಲ್ಲ ಅಂದರೆ ನೀವು ಪರೀಕ್ಷೆ ಮಾಡಿದ್ದು ಬೇರೆಯದನ್ನೇ.

ರಾತ್ರಿ ನಡೆಯುವುದು ಒಂದೇ ಕೆಲಸ ಅಲ್ಲ. ಸ್ಟೋರೇಜ್ ಮೊದಲು ವಿಸೆಂಟರ್‌ಗೆ ಹೇಳಿ ಪ್ರತಿ ವಿಎಂಗೂ ಕ್ವೈಸ್ ಮಾಡಿ ಒಂದು ಸ್ನ್ಯಾಪ್‌ಶಾಟ್ ತೆಗೆಸುತ್ತದೆ, ಆಮೇಲೆ ವಿಎಂಗಳ ಫೈಲ್‌ಗಳಿರುವ ಇಡೀ ವಾಲ್ಯೂಮ್‌ನ ಸ್ನ್ಯಾಪ್‌ಶಾಟ್ ತಾನು ತೆಗೆಯುತ್ತದೆ, ಕೊನೆಗೆ ವಿಎಂ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸುತ್ತದೆ. ನಡುವಿನ ಹೆಜ್ಜೆ ಕ್ಷಣದ ಕೆಲಸ, ಅದು ಕೈಕೊಡುವುದು ಅಪರೂಪ. ನಾನು ನೋಡಿದ ಹೆಚ್ಚಿನ ಕೇಸ್‌ಗಳು ಮೊದಲ ಹೆಜ್ಜೆ ಇಲ್ಲವೇ ಕೊನೆಯ ಹೆಜ್ಜೆಯವು. ಬೈಗುಳ ಮಾತ್ರ ಸ್ಟೋರೇಜ್‌ಗೆ.

ಮೊದಲ ಹೆಜ್ಜೆ ನೋಡೋಣ. ವಿಂಡೋಸ್ ವಿಎಂನಲ್ಲಿ ಕ್ವೈಸ್ ಕೆಲಸ ಮಾಡುವುದು ವಿಎಸ್ಎಸ್ ಅನ್ನುವ ವಿಂಡೋಸ್ ಸೇವೆ. ವಿಂಡೋಸ್ ವಿಎಂ ಆದರೆ ಒಳಗೆ ಹೋಗಿ ಅಡ್ಮಿನ್ ಆಗಿ 'ವಿಎಸ್ಎಸ್ಅಡ್ಮಿನ್ ಲಿಸ್ಟ್ ರೈಟರ್ಸ್' ಕಮಾಂಡ್ ಕೊಡಿ. ಎಲ್ಲ ರೈಟರ್‌ಗಳೂ (ಡೇಟಾಬೇಸ್‌ನಂಥ ಪ್ರೋಗ್ರಾಂಗಳ ಪರವಾಗಿ ವಿಎಸ್ಎಸ್ ಜೊತೆ ಮಾತಾಡುವ ಭಾಗಗಳು) ಸ್ಟೇಬಲ್ ಇರಬೇಕು. ಯಾವುದಾದರೂ ಫೇಲ್ಡ್ ಅಥವಾ ಟೈಮ್ಡ್ ಔಟ್ ಅಂತಿದ್ದರೆ ಕಳ್ಳ ಅಲ್ಲೇ ಇದ್ದಾನೆ. ರೈಟ್‌ಗಳನ್ನು ತಡೆಹಿಡಿದ ಮೇಲೆ ಸ್ನ್ಯಾಪ್‌ಶಾಟ್ ಮುಗಿಸಲು ವಿಎಸ್ಎಸ್ ಕೊಡುವುದು ಬರೀ 10 ಸೆಕೆಂಡ್. ಅದೇ ಹೊತ್ತಿಗೆ ಡೇಟಾಬೇಸ್ ಇಂಡೆಕ್ಸ್ ಕಟ್ಟುತ್ತಿದ್ದರೆ, ಮೇಲೆ ಬ್ಯಾಕಪ್ ಕೂಡ ಶುರುವಾಗಿದ್ದರೆ, ಆ 10 ಸೆಕೆಂಡ್ ಎಲ್ಲಿ ಸಾಕಾಗುತ್ತದೆ ಹೇಳಿ? ಸಮಯ ಬದಲಿಸಿ. ಒಂದೇ ವಾಲ್ಯೂಮ್‌ನಲ್ಲಿ ಜಾಸ್ತಿ ವಿಎಂ ಇದ್ದರೆ ಬೇರೆ ಬೇರೆ ಕಡೆ ಹಂಚಿ. ಲಿನಕ್ಸ್ ಆದರೆ ಪ್ರೀ-ಫ್ರೀಜ್ ಸ್ಕ್ರಿಪ್ಟ್ (ಸ್ನ್ಯಾಪ್‌ಶಾಟ್‌ಗೆ ಮುಂಚೆ ಓಡುವುದು) ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯಾ ನೋಡಿದರೆ ಸಾಕು.

ಕೊನೆಯ ಹೆಜ್ಜೆಯದು, ಅಂದರೆ ಅಳಿಸುವುದರದು, ಬೇರೆ ಕಥೆ. ಒಮ್ಮೆ ನನಗೆ ಒಂದು ವಿಎಂ ಹೀಗೇ ಕಾಡಿತ್ತು. ಸ್ನ್ಯಾಪ್‌ಶಾಟ್ ಮ್ಯಾನೇಜರ್ ಪೂರ್ತಿ ಖಾಲಿ. ಡೇಟಾಸ್ಟೋರ್‌ನಲ್ಲಿ (ವಿಎಂ ಫೈಲ್‌ಗಳಿರುವ ಜಾಗ) ಅದರ ಫೋಲ್ಡರ್ ತೆರೆದರೆ ಡೆಲ್ಟಾ ಫೈಲ್‌ಗಳ (ಸ್ನ್ಯಾಪ್‌ಶಾಟ್ ನಂತರದ ಬದಲಾವಣೆ ಇರುವವು) ಸಾಲೇ ಸಾಲು, ದಿನಕ್ಕೊಂದರಂತೆ. ಅವನ್ನು ಮೂಲ ಡಿಸ್ಕ್‌ಗೆ ಸೇರಿಸಲು ಕನ್ಸಾಲಿಡೇಟ್ ಕೊಟ್ಟರೆ ಫೈಲ್ ಲಾಕ್ ಆಗಿದೆ ಅನ್ನುತ್ತಿತ್ತು. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು: ಬ್ಯಾಕಪ್ ಪ್ರಾಕ್ಸಿ ವಿಎಂನ (ಬೇರೆ ವಿಎಂಗಳ ಡಿಸ್ಕ್ ಜೋಡಿಸಿಕೊಂಡು ಬ್ಯಾಕಪ್ ತೆಗೆಯುವ ವಿಎಂ) ಸೆಟ್ಟಿಂಗ್ಸ್‌ನಲ್ಲಿ ಈ ವಿಎಂನ ಡಿಸ್ಕ್ ಹಾಗೇ ನೇತಾಡುತ್ತಿತ್ತು, ಬ್ಯಾಕಪ್ ಮುಗಿದ ಮೇಲೂ ಬಿಟ್ಟುಹೋಗಿರಲಿಲ್ಲ. ಅದನ್ನು ತೆಗೆದೆ, ಕನ್ಸಾಲಿಡೇಟ್ ಓಡಿತು. ತೆಗೆಯುವಾಗ ಹುಷಾರು: ಡೇಟಾಸ್ಟೋರ್‌ನಿಂದ ಫೈಲ್ ಅಳಿಸುವ ಆಯ್ಕೆಗೆ ಅಪ್ಪಿತಪ್ಪಿಯೂ ಟಿಕ್ ಹಾಕಬೇಡಿ, ಅದು ಇನ್ನೊಬ್ಬರ ಜೀವಂತ ಡಿಸ್ಕ್.

ಒಂದರ ಮೇಲೊಂದು ಸ್ನ್ಯಾಪ್‌ಶಾಟ್‌ಗಳ ಸರಪಳಿ 32 ಮುಟ್ಟಿದರೆ ಹೊಸ ಸ್ನ್ಯಾಪ್‌ಶಾಟ್ ಆಗುವುದೇ ಇಲ್ಲ, 2-3ಕ್ಕಿಂತ ಜಾಸ್ತಿ ಇಡಬೇಡಿ ಅಂತ ವಿಎಂವೇರ್ ಹೇಳುತ್ತದೆ. ಜಾಗ ಸಾಲುತ್ತಿಲ್ಲ ಅಂತ ಸುಮ್ನೆ ಡೆಲ್ಟಾ ಫೈಲ್‌ಗಳನ್ನು ಕೈಯಾರೆ ಅಳಿಸಲು ಮಾತ್ರ ಹೋಗಬೇಡಿ, ದಯವಿಟ್ಟು. ಸ್ನ್ಯಾಪ್‌ಶಾಟ್ ಆದಮೇಲೆ ಬರೆದದ್ದೆಲ್ಲ ಅದರೊಳಗೇ ಇದೆ ಅಲ್ವಾ, ಒಂದು ಕೊಂಡಿ ಹೋದರೂ ಡಿಸ್ಕ್ ತೆರೆಯುವುದಿಲ್ಲ.

ಇವತ್ತು ರಾತ್ರಿ ಹೀಗೆ ಮಾಡಿ. ಆ ಮೂರರಲ್ಲಿ ಒಂದು ವಿಎಂಗೆ ಮಾತ್ರ ಕ್ವೈಸ್ ತೆಗೆದುಬಿಡಿ. ಅದು ಪಾಸಾಗಿ ಉಳಿದೆರಡು ಬಿದ್ದರೆ ತೊಂದರೆ ವಿಎಂ ಒಳಗಿದೆ. ಮೂರೂ ಬಿದ್ದರೆ ವಿಎಂ ಫೋಲ್ಡರ್‌ನ ವಿಎಂವೇರ್ ಡಾಟ್ ಲಾಗ್‌ನಲ್ಲಿ ಫೇಲ್ ಆದ ನಿಮಿಷದ ಸಾಲುಗಳನ್ನು ಇಲ್ಲಿ ಹಾಕಿ, ನೋಡುತ್ತೇನೆ. ಲಾಗ್‌ನ ಸಮಯ ಯುಟಿಸಿಯಲ್ಲಿರುತ್ತದೆ (ಜಾಗತಿಕ ಪ್ರಮಾಣ ಸಮಯ), ನಮ್ಮ ಸಮಯಕ್ಕೆ ಲೆಕ್ಕ ಹಾಕಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಕ್ವೈಸ್ ವಾಪಸ್ ಹಾಕಲು ಮರೆಯಬೇಡಿ, ಅದಿಲ್ಲದೆ ತೆಗೆದ ಸ್ನ್ಯಾಪ್‌ಶಾಟ್‌ನಿಂದ ಡೇಟಾಬೇಸ್ ಎಬ್ಬಿಸುವುದು ಅಂದರೆ ಕರೆಂಟ್ ಹೋಗಿ ಬಂದ ಸರ್ವರ್ ಎಬ್ಬಿಸಿದ ಹಾಗೆ.