ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾದರಿ ಉಗಿ ಎಂಜಿನ್ನಿಗೆ ಮಸಿ, ತುಕ್ಕು, ಸುಣ್ಣದ ಕಲೆ

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳು ‘ಬ್ಲ್ಯಾಕ್ ಫೈವ್’ ಎಂಬ ಬ್ರಿಟಿಷ್ ಉಗಿ ಎಂಜಿನ್ನಿನ ಓಓ ಅಳತೆಯ (1:76) ಮಾದರಿಯೊಂದನ್ನು ತಂದುಕೊಟ್ಟಿದ್ದಾಳೆ. ಅದರ ಜೊತೆಗೆ ಚಿಕ್ಕ ಕೊಳವೆಗಳೂ ಕೊಂಡಿಗಳೂ ಇರುವ ಪೊಟ್ಟಣವೊಂದಿದೆ. ಮಾದರಿಯು ನಿಜವಾಗಿ ದುಡಿದ ಎಂಜಿನ್ನಿನಂತೆ ಕಾಣಬೇಕೆಂಬುದು ನನ್ನ ಆಸೆ. ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ನಿಮ್ಮ ಮಾದರಿಯ ಮೇಲಿರುವ ಸಂಖ್ಯೆಯ ಎಂಜಿನ್ನಿನ ಛಾಯಾಚಿತ್ರವನ್ನು, ಸಾಧ್ಯವಾದರೆ ಅದನ್ನು ತೆಗೆದ ವರ್ಷದ ಸಮೇತ, ಹುಡುಕಿಕೊಳ್ಳಿ. ಬ್ರಿಟನ್ನಿನ ರೈಲ್ವೆ ಎಂಜಿನಿಯರ್ ವಿಲಿಯಂ ಸ್ಟಾನಿಯರ್ ಅವರ ವಿನ್ಯಾಸದ ಈ ವರ್ಗದಲ್ಲಿ 1934ರಿಂದ 1951ರವರೆಗೆ 842 ಎಂಜಿನ್‌ಗಳು ತಯಾರಾದವು. ಅಷ್ಟು ದೀರ್ಘ ಅವಧಿಯಲ್ಲಿ ಬಾಯ್ಲರಿನ ಮೇಲಿನ ಗುಮ್ಮಟ, ನೀರು ಒಳಹೋಗುವ ಕವಾಟದ ಜಾಗ, ಕೆಲವು ಎಂಜಿನ್‌ಗಳಲ್ಲಿ ಕವಾಟ ಚಾಲನೆಯ ವ್ಯವಸ್ಥೆಯೇ ಬದಲಾದುದರಿಂದ, ಒಂದಕ್ಕೆ ಸರಿಹೊಂದುವ ಬಿಡಿಭಾಗ ಇನ್ನೊಂದಕ್ಕೆ ಹೊಂದದೆ ಹೋಗಬಹುದು.

ವರ್ಷವನ್ನು ತಿಳಿಯಬೇಕೆಂದು ಹೇಳುವುದಕ್ಕೂ ಕಾರಣವಿದೆ. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿಯ ಯುಗ ಮುಗಿದ 1968ರ ಆಗಸ್ಟ್‌ವರೆಗೂ ಉಳಿದ ಮೂರು ಉಗಿ ಎಂಜಿನ್ ಶೆಡ್‌ಗಳಾದ ಕಾರ್ನ್‌ಫೋರ್ತ್, ಲಾಸ್ಟಾಕ್ ಹಾಲ್ ಮತ್ತು ರೋಸ್ ಗ್ರೋವ್‌ಗಳಲ್ಲಿ ಈ ಎಂಜಿನ್‌ಗಳು ದುಡಿಯುತ್ತಿದ್ದವು. ನೀವು ಆ ಕಾಲವನ್ನು ಆರಿಸಿಕೊಂಡರೆ ಸ್ಮೋಕ್‌ಬಾಕ್ಸ್ (ಬಾಯ್ಲರಿನ ಮುಂತುದಿಯಲ್ಲಿ ಹೊಗೆ ಸೇರುವ ಪೆಟ್ಟಿಗೆ) ಬಾಗಿಲಿನ ಕೆಳಭಾಗಕ್ಕೆ ‘10ಎ’ ಎಂಬ ಕಾರ್ನ್‌ಫೋರ್ತಿನ ಪುಟ್ಟ ಶೆಡ್ ಫಲಕವನ್ನು ಅಂಟಿಸಬಹುದು. ಆದರೆ ಕೊನೆಯ ತಿಂಗಳುಗಳಲ್ಲಿ ಎಷ್ಟೋ ಎಂಜಿನ್‌ಗಳ ಎರಕದ ಫಲಕಗಳು ನೆನಪಿನ ವಸ್ತುಗಳಾಗಿ ಕಾಣೆಯಾಗಿ, ಅವುಗಳ ಜಾಗದಲ್ಲಿ ಕೈಬರಹದ ಅಂಕಿಗಳು ಬಂದಿದ್ದವು. ಅಂಥ ಚಿತ್ರ ದೊರೆತರೆ ಅಂಕಿಯನ್ನು ಸಣ್ಣ ಕುಂಚದಿಂದ ಬಿಳಿ ಬಣ್ಣದಲ್ಲಿ ಬರೆಯಿರಿ. ಕೊಂಡು ತಂದ ಯಾವ ಬಿಡಿಭಾಗಕ್ಕಿಂತಲೂ ಆ ಒಂದು ಬರಹ ಆ ದಿನಗಳ ವಿಷಾದವನ್ನು ಚೆನ್ನಾಗಿ ಹೇಳುತ್ತದೆಂಬುದು ನನ್ನ ಅನುಭವ.

ಪೊಟ್ಟಣದಲ್ಲಿರುವ ನಿರ್ವಾತ ಬ್ರೇಕಿನ ಕೊಳವೆ, ತಿರುಪಿನ ಕೊಂಡಿ, ಮೆಟ್ಟಿಲುಗಳನ್ನು ಜೋಡಿಸುವ ಮೊದಲು ನಿಮ್ಮ ಹಳಿಯ ತಿರುವನ್ನು ಅಳೆದು ನೋಡಿ. ಸಿಲಿಂಡರಿನ ಮುಂದೆ ಚಾಚಿಕೊಳ್ಳುವ ನೀರುಬಸಿಯುವ ಕೊಳವೆಗಳನ್ನು ಹಾಕಿದ ಮೇಲೆ ಮುಂಗಾಲಿಗಳಿಗೆ ಪಕ್ಕಕ್ಕೆ ಸರಿಯಲು ಜಾಗ ಉಳಿಯುವುದಿಲ್ಲ. 438 ಮಿ.ಮೀ. ತ್ರಿಜ್ಯದ ಆಟಿಕೆ ತಿರುವಿನಲ್ಲಿ ಎಂಜಿನ್ ಹಳಿ ತಪ್ಪುವುದು ಬಹುಪಾಲು ಈ ಕಾರಣದಿಂದಲೇ. ರಂಧ್ರಗಳನ್ನು 0.5 ಮಿ.ಮೀ. ಬೈರಿಗೆಯಿಂದ ಕೈಯಲ್ಲೇ ತಿರುಗಿಸಿ ಬಿಡಿಸಿಕೊಳ್ಳಿ. ಕ್ಯಾಬಿನ ಕಿಟಕಿಯ ಬಳಿ ಸೂಪರ್ ಗ್ಲೂ ಬಳಸಬೇಡಿ, ಅದರ ಆವಿಯಿಂದ ಪಾರದರ್ಶಕ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತದೆ.

ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರಿನ ಪ್ಲಾಸ್ಟಿಕ್ ಕಲ್ಲಿದ್ದಲಿನ ಮೇಲೆ ನಿಜವಾದ ಕಲ್ಲಿದ್ದಲಿನ ಚೂರನ್ನು ಹರಡಿ, ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಹನಿಹನಿಯಾಗಿ ಬಿಡಿ. ಮಾದರಿಯ ಅಳತೆ 1:76 ಆದ್ದರಿಂದ 15 ಸೆಂ.ಮೀ.ನ ಹೆಂಟೆ ಇಲ್ಲಿ 2 ಮಿ.ಮೀ. ಆಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ಅವರು ಹಾಕುವ ಕಲ್ಲಿದ್ದಲು ಬಂಡೆಗಳಂತೆ ಕಾಣುತ್ತದೆ.

ನಿಮ್ಮ ಊರಿನಲ್ಲೇ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ. ಅಲ್ಲಿರುವುದು ಬ್ಲ್ಯಾಕ್ ಫೈವ್ ಅಲ್ಲದಿದ್ದರೂ ಕೊಳವೆಗಳು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆ, ಸರಳುಗಳು ಯಾವುದನ್ನು ಯಾವುದಕ್ಕೆ ಬಿಗಿಯುತ್ತವೆ ಎಂಬುದನ್ನು ಕಣ್ಣಾರೆ ಕಾಣಬಹುದು. ಬಣ್ಣದ ಮಟ್ಟಿಗೆ ಮಾತ್ರ ಅವುಗಳನ್ನು ಅನುಸರಿಸಬೇಡಿ. ಪ್ರದರ್ಶನದ ಎಂಜಿನ್ನಿಗೆ ಬಳಿದ ಹೊಸ ಬಣ್ಣ ದುಡಿಮೆಯ ಗುರುತುಗಳನ್ನೆಲ್ಲ ಮುಚ್ಚಿರುತ್ತದೆ.

ಪ್ರಶ್ನೆ: ನಾನು ಮಾದರಿಯ ಮೇಲೆ ಕಂದು ಬಣ್ಣವನ್ನು ತೆಳುವಾಗಿ ಸಿಂಪಡಿಸಿದೆ. ಅದು ಮಾಸಿದಂತೆ ಕಾಣುವ ಬದಲು ಕೆಸರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದೆ. ತಪ್ಪಿದ್ದೆಲ್ಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಎಲ್ಲ ಕಡೆಗೂ ಒಂದೇ ಕೊಳೆಯನ್ನು ಹಚ್ಚಿದ್ದೇ ತಪ್ಪು. ಉಗಿ ಎಂಜಿನ್ನಿನಲ್ಲಿ ಪ್ರತಿಯೊಂದು ಕಲೆಗೂ ಅದರದೇ ಮೂಲವಿದೆ. ಚಿಮಣಿಯಿಂದ ಹಾರಿದ ಮಸಿ ಬಾಯ್ಲರಿನ ನೆತ್ತಿ, ಕ್ಯಾಬಿನ ಮಾಡು ಮತ್ತು ಟೆಂಡರಿನ ಮೇಲೆ ಕೂರುತ್ತದೆ. ಅದು ಹೊಳಪಿಲ್ಲದ ಕಪ್ಪು. ಸ್ಮೋಕ್‌ಬಾಕ್ಸನ್ನು ಬಳಿದು ತೆಗೆದಾಗ ಚೆಲ್ಲಿದ ಬೂದಿ ಮುಂಭಾಗದ ಹಲಗೆಯ ಮೇಲೆ ತಿಳಿಬೂದು ಬಣ್ಣದಲ್ಲಿ ಉಳಿಯುತ್ತದೆ. ಗಡಸು ನೀರಿನ ಸುಣ್ಣ ಬಾಯ್ಲರಿನ ತೊಳೆಯುವ ಬಿರಡೆಗಳು, ಸುರಕ್ಷಾ ಕವಾಟ ಮತ್ತು ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರುಗಳ ಕೆಳಗೆ ಬಿಳಿ ಗೀರುಗಳಾಗಿ ಇಳಿಯುತ್ತದೆ. ಎರಕದ ಕಬ್ಬಿಣದ ಬ್ರೇಕ್ ಕಟ್ಟೆಗಳು ಸವೆದ ಪುಡಿ ತುಕ್ಕಿನ ಬಣ್ಣ ತಳೆದು ಗಾಲಿಗಳಿಗೂ ಚೌಕಟ್ಟಿನ ಕೆಳಭಾಗಕ್ಕೂ ಮೆತ್ತಿಕೊಳ್ಳುತ್ತದೆ. ನೀವು ಸಿಂಪಡಿಸಿದ ಕಂದು ಬಣ್ಣ ಅಲ್ಲಿಗೆ ಮಾತ್ರ ಸಲ್ಲುವಂಥದ್ದು. ಗಾಲಿಗಳನ್ನು ಜೋಡಿಸುವ ದಂಡಗಳಿಗೆ ತುಕ್ಕಿನ ಬಣ್ಣ ಹಚ್ಚುವುದನ್ನು ನಾನು ಎಂದಿಗೂ ಒಪ್ಪಲಾರೆ. ದಿನವೂ ಎಣ್ಣೆ ಕಾಣುವ ಉಕ್ಕು ಅದು, ಅಲ್ಲಿರುವುದು ಜಿಡ್ಡಿನ ಕಪ್ಪು ಹೊಳಪು.

ಹಚ್ಚಿದ್ದರಲ್ಲಿ ಹೆಚ್ಚಿನದನ್ನು ಮತ್ತೆ ಒರೆಸಿ ತೆಗೆಯುವುದೇ ಈ ಕೆಲಸದ ಜೀವಾಳ. ಮಾದರಿಯ ಮೇಲಿನ ಕೈಜಿಡ್ಡನ್ನು ಕಳೆದು, ಹೊಳಪಿಲ್ಲದ ವಾರ್ನಿಶನ್ನು ತೆಳುವಾಗಿ ಕೊಟ್ಟು ಒಣಗಿಸಿ. ಬಳಿಕ ಗಾಢ ಬೂದು ಬಣ್ಣಕ್ಕೆ ತುಸು ಕಂದು ಸೇರಿಸಿ ತೆಳ್ಳಗಾಗಿಸಿದ ಎನಾಮೆಲನ್ನು (ಎಣ್ಣೆಬಣ್ಣ) ಒಂದೊಂದೇ ಭಾಗಕ್ಕೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ವೈಟ್ ಸ್ಪಿರಿಟ್ ಎಂಬ ಬಣ್ಣ ತೆಳುಗೊಳಿಸುವ ದ್ರಾವಕದಲ್ಲಿ ಅದ್ದಿ ಹಿಂಡಿದ ಚಪ್ಪಟೆ ಕುಂಚದಿಂದ ಮೇಲಿನಿಂದ ಕೆಳಕ್ಕೆ, ಮಳೆನೀರು ಇಳಿಯುವ ದಿಕ್ಕಿನಲ್ಲೇ ಒರೆಸಿರಿ. ಮೊಳೆತಲೆಗಳ ಸುತ್ತ ಮತ್ತು ಸಂದುಗಳಲ್ಲಿ ಉಳಿದುಕೊಂಡದ್ದೇ ನಿಮಗೆ ಬೇಕಾದ ಕೊಳೆ. ಕೊನೆಗೆ ಮಸಿ ಮತ್ತು ಬೂದಿಗಾಗಿ ಬಣ್ಣದ ಪುಡಿಯನ್ನು ಒಣ ಕುಂಚದಿಂದ ತಟ್ಟಿರಿ. ಅದರ ಮೇಲೆ ವಾರ್ನಿಶ್ ಕೊಟ್ಟರೆ ಪುಡಿಯ ಬಣ್ಣ ಮಂಕಾಗುವುದರಿಂದ ಬೇಕಾದುದಕ್ಕಿಂತ ತುಸು ಹೆಚ್ಚೇ ಹಾಕಿಕೊಳ್ಳಬೇಕು.

ಮನುಷ್ಯರ ಕೈಕಾಲು ತಾಗಿದ ಜಾಗಗಳನ್ನು ಮರೆಯಬೇಡಿ. ಕ್ಯಾಬಿನ ಮೆಟ್ಟಿಲಿನ ನಡುಭಾಗವೂ ಹಿಡಿಗಂಬಿಯೂ ಸವೆದು ಬೆಳ್ಳಗಾಗಿರುತ್ತವೆ. ತೊಳೆಯುವ ಕೆಲಸಗಾರರು ಸಾಲದಾಗಿದ್ದ 1960ರ ದಶಕದಲ್ಲಿ ಕ್ಯಾಬಿನ ಪಕ್ಕದ ಸಂಖ್ಯೆಯಷ್ಟನ್ನೇ ಒರೆಸಿಬಿಡುವ ರೂಢಿಯೂ ಇತ್ತು. ಮಸಿ ಹಿಡಿದ ಎಂಜಿನ್ನಿನಲ್ಲಿ ಅಂಗೈಯಷ್ಟು ಹೊಳೆಯುವ ಆ ತುಣುಕು, ಅಲ್ಲೊಬ್ಬ ಮನುಷ್ಯ ಚಿಂದಿ ಬಟ್ಟೆ ಹಿಡಿದು ನಿಂತಿದ್ದನೆಂಬುದನ್ನು ನೆನಪಿಸುತ್ತದೆ. ನಿಮ್ಮ ಕೆಸರಿನಂಥ ಬಣ್ಣವನ್ನು ಕೂಡ ಇದೇ ರೀತಿ ಉಳಿಸಿಕೊಳ್ಳಬಹುದು: ಅದು ಎನಾಮೆಲ್ ಆಗಿದ್ದು ಪೂರ್ತಿ ಗಟ್ಟಿಯಾಗಿರದಿದ್ದರೆ, ಬಾಯ್ಲರು ಮತ್ತು ಕ್ಯಾಬಿನಿಂದ ಒರೆಸಿ ತೆಗೆದು ಚೌಕಟ್ಟಿನಲ್ಲಿ ಹಾಗೆಯೇ ಬಿಡಿ.

ಪ್ರಶ್ನೆ: ಭಾರತೀಯ ರೈಲ್ವೆಯ ಮೀಟರ್ ಗೇಜಿನ ವೈಪಿ ಉಗಿ ಎಂಜಿನ್ನನ್ನು 1:87 ಅಳತೆಯಲ್ಲಿ, 12 ಮಿ.ಮೀ. ಹಳಿಗಾಗಿ ನಾನೇ ಕಟ್ಟುತ್ತಿದ್ದೇನೆ. ಬ್ರಿಟಿಷ್ ಎಂಜಿನ್‌ಗಳ ಮಾಸಲು ಬಣ್ಣಗಳು ಇದಕ್ಕೂ ನಡೆಯುತ್ತವೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೊಳೆಯ ಮೂಲಗಳು ಅವೇ, ಪ್ರಮಾಣ ಬೇರೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚಾದುದರಿಂದ ಬೂದು ಬಣ್ಣವನ್ನು ಧಾರಾಳವಾಗಿ ಬಳಸಬಹುದು. ಧೂಳಿನ ಬಣ್ಣವನ್ನು ನೀವು ಕಲ್ಪಿಸಿಕೊಂಡಿರುವ ಮಾರ್ಗವೇ ನಿರ್ಧರಿಸಲಿ. ಗದಗಿನ ಕಡೆಗೆ ಓಡುವ ಎಂಜಿನ್ನಿಗೆ ಎರೆಭೂಮಿಯ ಕಪ್ಪುಮಿಶ್ರಿತ ಬೂದು ಒಪ್ಪುತ್ತದೆ. ಲೋಂಡಾ, ಕ್ಯಾಸಲ್‌ ರಾಕ್ ಕಡೆಯದಾದರೆ ಕೆಮ್ಮಣ್ಣಿನ ಛಾಯೆ ಬೇಕು, ಮಳೆಗೆ ತೊಯ್ದು ಒಣಗಿದ ಗೀರುಗಳೂ ಬೇಕು. ಆ ದಾರಿಯ ಹಿಡಿ ಮಣ್ಣನ್ನು ತಂದು ಒಣಗಿಸಿ, ವಸ್ತ್ರಗಾಲಿಸಿ, ಬಣ್ಣದ ಪುಡಿಯಂತೆಯೇ ಬಳಸಿರಿ. ಚಕ್ರಗಳ ನಡುವೆ ಅದನ್ನು ಅತಿ ಕಡಿಮೆ ಹಾಕಿ, ಮಣ್ಣಿನಲ್ಲಿರುವ ಮರಳಿನ ಕಣಗಳು ಹಲ್ಲುಗಾಲಿಗಳನ್ನು ತಿಂದುಬಿಡುತ್ತವೆ.

ಪ್ರಶ್ನೆ: ಬಣ್ಣ ಹಚ್ಚಿದ ಮೇಲೆ ನನ್ನ ಎಂಜಿನ್ ತಡೆದು ತಡೆದು ಓಡುತ್ತಿದೆ. ಏಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಳಿಗೆ ತಾಗುವ ಗಾಲಿಯ ಅಂಚಿಗೂ ವಿದ್ಯುತ್ ಪಡೆಯುವ ತಗಡುಗಳಿಗೂ ಬಣ್ಣ ಅಂಟಿರಬೇಕು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎರಡನ್ನೂ ಒರೆಸಿರಿ, ಸಾಣೆ ಕಾಗದದಿಂದ ಉಜ್ಜಬೇಡಿ. ಮುಂದಿನ ಸಲ ಎಂಜಿನ್ನನ್ನು ತೊಟ್ಟಿಲಿನಂಥ ಸ್ಪಂಜಿನಲ್ಲಿ ಮಗುಚಿ ಮಲಗಿಸಿ, ವಿದ್ಯುತ್ ಕೊಟ್ಟು ಗಾಲಿಗಳನ್ನು ನಿಧಾನವಾಗಿ ತಿರುಗಿಸುತ್ತಲೇ ಅವುಗಳ ಪಕ್ಕಗಳಿಗೆ ಬಣ್ಣ ಹಚ್ಚಿ, ಬಣ್ಣ ಹಸಿಯಾಗಿರುವಾಗಲೇ ಗಾಲಿಯ ಅಂಚನ್ನು ಒರೆಸಿಬಿಡಿ. ಹಾಗೆ ಮಾಡಿದರೆ ದಂಡಗಳ ಹಿಂದೆ ಬಣ್ಣ ಕಾಣದ ತೇಪೆಯೂ ಉಳಿಯುವುದಿಲ್ಲ.